ಕಂಪ್ಯೂಟರ್ ನಿಮ್ಮ ಇಷ್ಟಗಳನ್ನು ಎಲ್ಲಿ ಬರೆದಿಡುತ್ತದೆ?

ನಮ್ಮೂರಿನ ಹಾಲು ಉತ್ಪಾದಕರ ಸಂಘದ ಲೆಕ್ಕ ನೋಡಿಕೊಳ್ಳುವ ಅಕ್ಕ ಒಬ್ಬರು ಲ್ಯಾಪ್‌ಟಾಪ್ ರಿಪೇರಿ ಮಾಡಿಸಿಕೊಂಡು ನೇರವಾಗಿ ನಮ್ಮ ಮನೆಗೇ ಬಂದರು. ಎಕ್ಸೆಲ್ ಫೈಲುಗಳೆಲ್ಲ ಇದ್ದವು. ಒಂದು ರೂಪಾಯಿಯೂ ಆಚೀಚೆ ಆಗಿರಲಿಲ್ಲ. ಆದರೆ 12,47,350 ಎಂದು ಇರಬೇಕಾದ ಮೊತ್ತ 1,247,350 ಎಂದು ಕಾಣುತ್ತಿತ್ತು. “ನೋಡು ತಮ್ಮಾ, ದುಡ್ಡು ಅಷ್ಟೇ ಇದೆ, ಕಾಮಾ ಮಾತ್ರ ಎಲ್ಲೆಲ್ಲೋ ಹೋಗಿ ಕೂತಿದೆ. ಆಡಿಟ್‌ನವರಿಗೆ ಇದನ್ನ ಹೆಂಗೆ ತೋರಿಸ್ಲಿ?” ಎಂದರು. ತಾರೀಖಿನಲ್ಲಿ ತಿಂಗಳು ಮೊದಲು ಬರುತ್ತಿತ್ತು. ಕೀಬೋರ್ಡಿನಲ್ಲಿ ಕನ್ನಡ ಇರಲಿಲ್ಲ.

ನೋಡಿದರೆ, ರಿಪೇರಿ ಮಾಡಿದವರು ಆ ಲ್ಯಾಪ್‌ಟಾಪಿನಲ್ಲಿ ಹೊಸದೊಂದು ಯೂಸರ್ ಅಕೌಂಟ್ ತೆರೆದು, ಹಳೆಯದರಲ್ಲಿದ್ದ ಫೈಲುಗಳನ್ನು ಅದಕ್ಕೆ ನಕಲು ಮಾಡಿಕೊಟ್ಟಿದ್ದರು. ಫೈಲುಗಳು ಬಂದವು, ಅಕ್ಕ ವರ್ಷಗಳಿಂದ ಮಾಡಿಟ್ಟುಕೊಂಡಿದ್ದ ಸೆಟ್ಟಿಂಗ್ಸ್ ಬರಲಿಲ್ಲ. ಈ ಎರಡೂ ಇರುವ ಜಾಗ ಬೇರೆ ಬೇರೆ. ಆ ಎರಡನೆಯ ಜಾಗ ಯಾವುದು ಎಂಬುದು ಕಂಪ್ಯೂಟರ್ ಬಳಸುವ ಎಲ್ಲರೂ ಒಮ್ಮೆಯಾದರೂ ತಿಳಿದುಕೊಳ್ಳಬೇಕಾದ ಸಂಗತಿ.

ಮೊದಲು ಆ ಕಾಮಾ ವಿಷಯವನ್ನೇ ನೋಡೋಣ. ಅದು ಎಕ್ಸೆಲ್ ಫೈಲಿನ ಒಳಗೆ ಇರುವುದಿಲ್ಲ. ಫೈಲಿನಲ್ಲಿ ಇರುವುದು 1247350 ಎಂಬ ಬರಿಯ ಸಂಖ್ಯೆ. ಅದನ್ನು ತೆರೆಯ ಮೇಲೆ ತೋರಿಸುವಾಗ ಎಕ್ಸೆಲ್ “ಈ ಯೂಸರ್ ಅಂಕಿಗಳನ್ನು ಹೇಗೆ ಗುಂಪು ಮಾಡುತ್ತಾರೆ?” ಎಂದು ವಿಂಡೋಸನ್ನು ಕೇಳುತ್ತದೆ. ವಿಂಡೋಸ್ ತನ್ನ ದಾಖಲೆ ತೆರೆದು “3;2;0” ಎಂಬ ಪುಟ್ಟ ಸಾಲನ್ನು ಓದಿ ಹೇಳುತ್ತದೆ. ಬಲಗಡೆಯಿಂದ ಮೊದಲ ಗುಂಪಿಗೆ ಮೂರು ಅಂಕಿ, ಆಮೇಲೆ ಎರಡು, ಕೊನೆಯ ಸೊನ್ನೆ ಇದ್ದರೆ “ಮುಂದೆಯೂ ಹೀಗೇ ಎರಡೆರಡು” ಎಂದು ಅರ್ಥ. ನಮ್ಮ ಸಾವಿರ, ಲಕ್ಷ, ಕೋಟಿಯ ಲೆಕ್ಕವೆಲ್ಲ ಈ ಐದು ಅಕ್ಷರಗಳಲ್ಲಿ ಅಡಗಿದೆ. ಅಮೆರಿಕದ ಪದ್ಧತಿಗೆ ಅದೇ ಜಾಗದಲ್ಲಿ “3;0” ಎಂದು ಇರುತ್ತದೆ. ಅಕ್ಕನ ಹೊಸ ಅಕೌಂಟಿನಲ್ಲಿ ಇದ್ದದ್ದು ಅದೇ.

ಈ ಸಾಲು ಕುಳಿತಿರುವ ದಾಖಲೆಯ ಹೆಸರು ರಿಜಿಸ್ಟ್ರಿ. ನಾವು ನೋಡುವ ಸೆಟ್ಟಿಂಗ್ಸ್ ಕಿಟಕಿ, ಕಂಟ್ರೋಲ್ ಪ್ಯಾನೆಲ್ ಇವೆಲ್ಲ ತಾಲ್ಲೂಕು ಕಚೇರಿಯ ಅರ್ಜಿ ಕೌಂಟರುಗಳಿದ್ದಂತೆ. ನಾವು ಅಲ್ಲಿ ಒಂದು ಗುಂಡಿ ಒತ್ತುತ್ತೇವೆ, ದಾಖಲೆ ಹೋಗಿ ಸೇರುವುದು ಒಳಗಿನ ರೆಕಾರ್ಡ್ ರೂಮಿಗೆ.

ರಿಜಿಸ್ಟ್ರಿ ಬರುವ ಮೊದಲು ವಿಂಡೋಸಿನಲ್ಲಿ ಐಎನ್‌ಐ ಫೈಲುಗಳಿದ್ದವು. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಾದ ಸಾದಾ ಬರಹ: ಚೌಕ ಆವರಣದಲ್ಲಿ ಒಂದು ತಲೆಬರಹ, ಕೆಳಗೆ ಸಾಲಿಗೊಂದರಂತೆ ಹೆಸರು, ಸಮ ಚಿಹ್ನೆ, ಬೆಲೆ. ವಿನ್ ಡಾಟ್ ಐಎನ್‌ಐ, ಸಿಸ್ಟಮ್ ಡಾಟ್ ಐಎನ್‌ಐ ಎಂಬ ಎರಡು ಮುಖ್ಯವಾದವು. ಓದುವುದಕ್ಕೆ ಸುಲಭ, ತಿದ್ದುವುದಕ್ಕೂ ಸುಲಭ. ತೊಂದರೆ ಶುರುವಾದದ್ದು ಬಂದ ಬಂದ ಪ್ರೋಗ್ರಾಮುಗಳೆಲ್ಲ ತಮ್ಮ ಸಾಲುಗಳನ್ನೂ ಅದರಲ್ಲೇ ತುರುಕತೊಡಗಿದಾಗ. 64 ಕಿಲೋಬೈಟಿನ ಮಿತಿ ಅಡ್ಡ ಬಂತು. ಇನ್ನೂ ದೊಡ್ಡ ಕೊರತೆ ಎಂದರೆ, ಒಂದೇ ಯಂತ್ರವನ್ನು ಇಬ್ಬರು ಬಳಸಿದರೆ ಯಾರ ಇಷ್ಟ ಯಾವುದು ಎಂದು ಬೇರೆಯಾಗಿ ಬರೆದಿಡುವ ವ್ಯವಸ್ಥೆಯೇ ಅಲ್ಲಿರಲಿಲ್ಲ. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಒಂದು ಸಣ್ಣ ಫೈಲಾಗಿ ಕಾಣಿಸಿಕೊಂಡಿತು. ಯಾವ ಬಗೆಯ ಫೈಲನ್ನು ಯಾವ ಪ್ರೋಗ್ರಾಮ್ ತೆರೆಯಬೇಕು ಎಂಬಂಥ ವಿವರಗಳಷ್ಟೇ ಆಗ ಅದರಲ್ಲಿದ್ದವು. 1993ರ ವಿಂಡೋಸ್ ಎನ್‌ಟಿಯಲ್ಲಿ ಅದು ಇಂದಿನ ರೂಪಕ್ಕೆ ಬಂತು. ಮನೆ ಮನೆಯ ಕಂಪ್ಯೂಟರುಗಳಿಗೆ ತಲುಪಿದ್ದು 1995ರಲ್ಲಿ, ವಿಂಡೋಸ್ 95ರ ಜೊತೆ.

ರಿಜಿಸ್ಟ್ರಿಯನ್ನು ನೋಡಬೇಕೆಂದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ರೆಜ್‌ಎಡಿಟ್ ಎಂದು ಬರೆದು ಎಂಟರ್ ಒತ್ತಿ. ಎಡಗಡೆ ಫೋಲ್ಡರುಗಳಂತೆ ಕಾಣುವವು ಕೀಗಳು. ಕೀಯನ್ನು ಒತ್ತಿದರೆ ಬಲಗಡೆ ಕಾಣುವವು ವ್ಯಾಲ್ಯೂಗಳು. ಪ್ರತಿ ವ್ಯಾಲ್ಯೂಗೂ ಒಂದು ಹೆಸರು, ಒಂದು ಜಾತಿ, ಒಂದು ಬೆಲೆ. ಕೆಲವು ಬರಹ, ಕೆಲವು ಸಂಖ್ಯೆ. ಹೆಚ್ಚಾಗಿ ಕಾಣುವ ಸಂಖ್ಯೆಯ ಜಾತಿಗೆ ಡಿವರ್ಡ್ ಎಂದು ಹೆಸರು. ಅದು 32 ಬಿಟ್ಟಿನ ಪೆಟ್ಟಿಗೆ. 0ಯಿಂದ 4,29,49,67,295ರವರೆಗಿನ ಯಾವುದೇ ಸಂಖ್ಯೆ ಅದರಲ್ಲಿ ಹಿಡಿಸುತ್ತದೆ. ಸುಮ್ಮನೆ ನೋಡಿ ಮುಚ್ಚಿ, ಏನನ್ನೂ ತಿದ್ದಬೇಡಿ. ಇಲ್ಲಿ ಸೇವ್ ಗುಂಡಿಯೂ ಇಲ್ಲ, ಹಿಂದಕ್ಕೆ ಹೋಗುವ ಅನ್‌ಡೂ ಕೂಡ ಇಲ್ಲ. ತಿದ್ದಿದ ಕ್ಷಣವೇ ಅದು ದಾಖಲಾಗಿಬಿಟ್ಟಿರುತ್ತದೆ.

ಎಡಗಡೆ ಐದು ದೊಡ್ಡ ಕೀಗಳು ಕಾಣುತ್ತವೆ. ಪುಸ್ತಕಗಳಲ್ಲಿ ಐದನ್ನೂ ಒಂದೊಂದಾಗಿ ವಿವರಿಸುತ್ತಾರೆ, ಹೊಸಬರಿಗೆ ಗೊಂದಲವಾಗುವುದು ಅಲ್ಲೇ. ನಿಜಕ್ಕೂ ಇರುವುದು ಎರಡು: ಲೋಕಲ್ ಮೆಷಿನ್ ಮತ್ತು ಯೂಸರ್ಸ್. ಮೊದಲನೆಯದು ಯಂತ್ರದ್ದು, ಎರಡನೆಯದು ಅದನ್ನು ಬಳಸುವವರದ್ದು. ಉಳಿದ ಮೂರು ಇವೆರಡರ ಒಳಗಿನದ್ದನ್ನೇ ಸುಲಭವಾಗಿ ತೋರಿಸುವ ಬಾಗಿಲುಗಳು. ಕರೆಂಟ್ ಯೂಸರ್ ಎಂಬ ಬಾಗಿಲು ತೆರೆದರೆ ಈಗ ಲಾಗಿನ್ ಆಗಿರುವವರ ಭಾಗ ಮಾತ್ರ ಕಾಣುತ್ತದೆ.

ಯಾವುದು ಯಂತ್ರದ್ದು, ಯಾವುದು ಯೂಸರಿನದ್ದು ಎಂಬುದಕ್ಕೆ ಗಡಿಯಾರ ಮತ್ತು ಕಾಮಾ ಒಳ್ಳೆಯ ಉದಾಹರಣೆ. ಯಂತ್ರ ಯಾವ ಕಾಲವಲಯದಲ್ಲಿದೆ ಎಂಬುದು ಎಲ್ಲ ಯೂಸರುಗಳಿಗೂ ಒಂದೇ. ಹಾಗಾಗಿ ಅದು ಲೋಕಲ್ ಮೆಷಿನ್ ಕೆಳಗೆ, ಸಿಸ್ಟಮ್ ಎಂಬ ಭಾಗದಲ್ಲಿ, ಇಂಡಿಯಾ ಸ್ಟ್ಯಾಂಡರ್ಡ್ ಟೈಮ್ ಎಂಬ ಹೆಸರಿನಲ್ಲಿ ಇರುತ್ತದೆ. ಜೊತೆಗೆ ಮೈನಸ್ 330 ಎಂಬ ಸಂಖ್ಯೆ. ನಮ್ಮ ಐದೂವರೆ ಗಂಟೆಯನ್ನು ನಿಮಿಷಕ್ಕೆ ತಿರುಗಿಸಿದರೆ 330. ಕಾಮಾ ಎಲ್ಲಿ ಹಾಕಬೇಕು, ತಾರೀಖು ಹೇಗೆ ಬರೆಯಬೇಕು, ಮೌಸನ್ನು ಎರಡು ಸಲ ಒತ್ತುವುದಕ್ಕೆ ಎಷ್ಟು ಬಿಡುವು ಕೊಡಬೇಕು ಎಂಬುದು ಮಾತ್ರ ಮನುಷ್ಯರಿಂದ ಮನುಷ್ಯರಿಗೆ ಬದಲಾಗುತ್ತದೆ. ಅವು ಯೂಸರಿನ ಭಾಗದಲ್ಲಿ, ಕಂಟ್ರೋಲ್ ಪ್ಯಾನೆಲ್ ಎಂಬ ಕೀಯ ಕೆಳಗೆ. ಮೌಸಿನ ಆ ಬಿಡುವು ಮೊದಲಿಗೆ 500 ಮಿಲಿಸೆಕೆಂಡ್, ಎಂದರೆ ಅರ್ಧ ಸೆಕೆಂಡ್. ಕೈ ನಡುಗುವ ಹಿರಿಯರಿಗೆ ಇದನ್ನು ಹೆಚ್ಚಿಸಿಕೊಟ್ಟು ನೋಡಿ. ಕಂಟ್ರೋಲ್ ಪ್ಯಾನೆಲಿನ ಮೌಸ್ ಕಿಟಕಿಯಲ್ಲೇ ಆಗುತ್ತದೆ, ರಿಜಿಸ್ಟ್ರಿ ಮುಟ್ಟಬೇಕಾಗಿಲ್ಲ. ಅವರು ಕಂಪ್ಯೂಟರಿನ ಮೇಲೆ ಬೇಸರಪಟ್ಟುಕೊಳ್ಳುವುದು ಎಷ್ಟೋ ಕಡಿಮೆಯಾಗುತ್ತದೆ.

ಕನ್ನಡ ಕೀಬೋರ್ಡ್ ಕೂಡ ಯೂಸರಿನದ್ದೇ. ಕೀಬೋರ್ಡ್ ಲೇಔಟ್ ಎಂಬ ಕೀಯೊಳಗೆ ಪ್ರೀಲೋಡ್ ಎಂಬುದಿದೆ. ಅಲ್ಲಿ 1, 2 ಎಂಬ ಹೆಸರಿನ ವ್ಯಾಲ್ಯೂಗಳಿರುತ್ತವೆ. ಒಂದರ ಎದುರು 00004009 ಇದ್ದರೆ ಅದು ಭಾರತದ ಇಂಗ್ಲಿಷ್. ಇನ್ನೊಂದರ ಎದುರು 0000044ಬಿ ಇದ್ದರೆ ಅದು ಕನ್ನಡ. ಹದಿನಾರರ ಲೆಕ್ಕದ ಈ 44ಬಿಯನ್ನು ನಮ್ಮ ಹತ್ತರ ಲೆಕ್ಕಕ್ಕೆ ತಂದರೆ 1099. ವಿಂಡೋಸಿನ ಒಳಗೆ ಕನ್ನಡಕ್ಕಿರುವ ಸಂಖ್ಯೆ ಇದು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನು ಹೊತ್ತು ಬಂದಾಗಲೂ ಇದೇ ಸಂಖ್ಯೆ ಇತ್ತು, ಈಗಲೂ ಇದೇ.

ಇಷ್ಟೆಲ್ಲ ಕೀಗಳು ಡಿಸ್ಕಿನ ಮೇಲೆ ಎಲ್ಲಿವೆ? ರಿಜಿಸ್ಟ್ರಿ ಒಂದೇ ಫೈಲಲ್ಲ, ಕೆಲವು ಫೈಲುಗಳ ಗುಂಪು. ಒಂದೊಂದು ಫೈಲಿಗೂ ಹೈವ್ ಎನ್ನುತ್ತಾರೆ, ಜೇನುಗೂಡು ಎಂದು ಅರ್ಥ. ಎನ್‌ಟಿ ಕಟ್ಟಿದವರಲ್ಲಿ ಒಬ್ಬರಿಗೆ ಜೇನುಹುಳ ಕಂಡರೆ ಆಗುತ್ತಿರಲಿಲ್ಲವಂತೆ. ಅವರನ್ನು ಕಾಡಿಸಲೆಂದೇ ಜೊತೆಯವರು ಈ ಹೆಸರಿಟ್ಟರು ಎಂದು ಮೈಕ್ರೋಸಾಫ್ಟಿನ ಎಂಜಿನಿಯರ್ ರೇಮಂಡ್ ಚೆನ್ ಬರೆದಿದ್ದಾರೆ. ಯಂತ್ರದ ಹೈವ್‌ಗಳು ವಿಂಡೋಸ್ ಫೋಲ್ಡರಿನ ಸಿಸ್ಟಮ್32 ಒಳಗೆ, ಕಾನ್ಫಿಗ್ ಎಂಬ ಫೋಲ್ಡರಿನಲ್ಲಿವೆ: ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡಿಫಾಲ್ಟ್. ಸಿಸ್ಟಮ್ ಎಂಬುದು ಕೆಟ್ಟರೆ ಯಂತ್ರ ಏಳುವುದೇ ಇಲ್ಲ. ಯಾವ ಡ್ರೈವರನ್ನು ಯಾವಾಗ ಎಬ್ಬಿಸಬೇಕು ಎಂದು ಬರೆದಿರುವುದು ಅಲ್ಲಿಯೇ.

ನಿಮ್ಮ ಹೈವ್ ಇರುವುದು ನಿಮ್ಮ ಹೆಸರಿನ ಯೂಸರ್ ಫೋಲ್ಡರಿನಲ್ಲಿ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇರುವ ಮಟ್ಟದಲ್ಲೇ, ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ ಒಂದು ಫೈಲು. ಹೆಸರು ಎನ್‌ಟಿಯೂಸರ್ ಡಾಟ್ ಡ್ಯಾಟ್. ನೀವು ಲಾಗಿನ್ ಆದ ಕೂಡಲೇ ವಿಂಡೋಸ್ ಇದನ್ನು ತೆರೆದು ರಿಜಿಸ್ಟ್ರಿಯ ಮರಕ್ಕೆ ಕೊಂಬೆಯಂತೆ ಜೋಡಿಸುತ್ತದೆ, ಲಾಗ್‌ಔಟ್ ಆದಾಗ ಬಿಚ್ಚಿಡುತ್ತದೆ.

ಜೋಡಿಸುವಾಗ ಅದು ನೋಡುವುದು ನಿಮ್ಮ ಹೆಸರನ್ನಲ್ಲ, ಎಸ್-1-5-21 ಎಂದು ಶುರುವಾಗುವ ಒಂದು ಉದ್ದನೆಯ ಗುರುತಿನ ಸಂಖ್ಯೆಯನ್ನು. ಅಕೌಂಟ್ ತೆರೆದಾಗಲೇ ಅದು ಹುಟ್ಟುತ್ತದೆ, ಅಳಿಸಿ ಮತ್ತೆ ಅದೇ ಹೆಸರಿನಲ್ಲಿ ತೆರೆದರೆ ಬೇರೆ ಸಂಖ್ಯೆಯೇ ಬರುತ್ತದೆ. ಹೆಸರು ಒಂದೇ ಆದರೂ ಯಂತ್ರದ ಕಣ್ಣಿಗೆ ನೀವು ಬೇರೆಯವರು. “ಹಳೆ ಹೆಸರೇ ಇಟ್ಟುಕೊಟ್ಟಿದ್ದೀವಲ್ಲ ಮೇಡಂ” ಎಂದು ಅಂಗಡಿಯವರು ಅಕ್ಕನಿಗೆ ಹೇಳಿದ್ದು ಸುಳ್ಳಾಗಿರಲಿಲ್ಲ, ಆದರೆ ಅದರಿಂದ ಪ್ರಯೋಜನವೂ ಇರಲಿಲ್ಲ.

ಒಳ್ಳೆಯ ಸಂಗತಿ ಎಂದರೆ ಅಕ್ಕನ ಹಳೆಯ ಯೂಸರ್ ಫೋಲ್ಡರ್ ಡಿಸ್ಕಿನಲ್ಲೇ ಉಳಿದಿತ್ತು. ಅಡ್ಮಿನಿಸ್ಟ್ರೇಟರ್ ಆಗಿ ರೆಜ್‌ಎಡಿಟ್ ತೆರೆದು, ಯೂಸರ್ಸ್ ಎಂಬ ಕೀಯನ್ನು ಆರಿಸಿ, ಫೈಲ್ ಮೆನುವಿನ ಲೋಡ್ ಹೈವ್ ಒತ್ತಿ ಆ ಹಳೆಯ ಎನ್‌ಟಿಯೂಸರ್ ಡಾಟ್ ಡ್ಯಾಟನ್ನು ಜೋಡಿಸಿದೆ. ಹೊಸದೊಂದು ಕೊಂಬೆ ತೆರೆದುಕೊಂಡಿತು. ಒಳಗೆ ಎಲ್ಲವೂ ಇತ್ತು: “3;2;0” ಇತ್ತು, ದಿನ ಮೊದಲು ಬರುವ ತಾರೀಖಿನ ಮಾದರಿ ಇತ್ತು, ಪ್ರೀಲೋಡಿನಲ್ಲಿ 0000044ಬಿ ಇತ್ತು. ಅಕ್ಕನಿಗೆ ತೋರಿಸಿದೆ. “ಓ, ನಮ್ಮ ಕಾಮಾ ಇಲ್ಲಿದೆ!” ಎಂದು ಅವರು ಪರದೆಯ ಮೇಲೆ ಬೆರಳಿಟ್ಟರು.

ಆ ಹಳೆಯ ಹೈವ್ ಫೈಲನ್ನೇ ಹೊಸ ಅಕೌಂಟಿಗೆ ನಕಲು ಮಾಡಿದರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಹಾಗೆ ಮಾಡಬಾರದು. ಅದರ ಒಳಗಿನ ಅನುಮತಿಗಳೆಲ್ಲ ಹಳೆಯ ಗುರುತಿನ ಸಂಖ್ಯೆಗೆ ಕಟ್ಟಿಹಾಕಿದವು, ಹೊಸಬರಿಗೆ ಬಾಗಿಲು ತೆರೆಯುವುದಿಲ್ಲ. ನಾನು ಮಾಡಿದ್ದು ಇಷ್ಟು: ಹಳೆಯದರಲ್ಲಿ ಏನೇನಿತ್ತು ಎಂದು ಕಾಗದದ ಮೇಲೆ ಬರೆದುಕೊಂಡು, ಹೈವನ್ನು ಅನ್‌ಲೋಡ್ ಮಾಡಿ, ಹೊಸ ಅಕೌಂಟಿನಲ್ಲಿ ಕಂಟ್ರೋಲ್ ಪ್ಯಾನೆಲ್, ರೀಜನ್, ಅಡಿಷನಲ್ ಸೆಟ್ಟಿಂಗ್ಸ್, ಡಿಜಿಟ್ ಗ್ರೂಪಿಂಗ್ ಹೀಗೆ ಕೌಂಟರಿನ ಕಡೆಯಿಂದಲೇ ಬಂದು ಒಂದೊಂದನ್ನೂ ಸರಿಪಡಿಸಿದೆ. ಹತ್ತು ನಿಮಿಷದ ಕೆಲಸ. ಅನ್‌ಲೋಡ್ ಮಾಡುವುದನ್ನು ಮರೆತರೆ ಆ ಫೈಲಿಗೆ ಬೀಗ ಬಿದ್ದಿರುತ್ತದೆ, ಅದೊಂದು ಜ್ಞಾಪಕ ಇರಲಿ.

ಶಾಲೆಯ ಲ್ಯಾಬು, ಪಂಚಾಯಿತಿ ಕಚೇರಿ ನೋಡಿಕೊಳ್ಳುವವರಿಗೆ ಇಲ್ಲಿ ಒಂದು ಮಾತು. ಹೊಸ ಯೂಸರ್ ಹುಟ್ಟುವಾಗ ವಿಂಡೋಸ್ ಒಂದು ಅಚ್ಚಿನಿಂದ ನಕಲು ತೆಗೆಯುತ್ತದೆ. ಯೂಸರ್ಸ್ ಫೋಲ್ಡರಿನಲ್ಲಿ ಡಿಫಾಲ್ಟ್ ಎಂಬ ಅಡಗಿದ ಫೋಲ್ಡರ್ ಇದೆಯಲ್ಲ, ಅದರ ಎನ್‌ಟಿಯೂಸರ್ ಡಾಟ್ ಡ್ಯಾಟೇ ಆ ಅಚ್ಚು. ನಿಮ್ಮ ಅಕೌಂಟಿನಲ್ಲಿ ಕನ್ನಡ ಕೀಬೋರ್ಡು, ಲಕ್ಷ ಕೋಟಿಯ ಕಾಮಾ ಎಲ್ಲ ಸರಿ ಮಾಡಿಕೊಂಡ ಮೇಲೆ ರೀಜನ್ ಕಿಟಕಿಯ ಅಡ್ಮಿನಿಸ್ಟ್ರೇಟಿವ್ ಭಾಗಕ್ಕೆ ಹೋಗಿ, ಕಾಪಿ ಸೆಟ್ಟಿಂಗ್ಸ್ ಒತ್ತಿ, ನ್ಯೂ ಯೂಸರ್ ಅಕೌಂಟ್ಸ್ ಎಂಬುದಕ್ಕೆ ಗುರುತು ಹಾಕಿ. ಮುಂದೆ ಆ ಯಂತ್ರದಲ್ಲಿ ಹುಟ್ಟುವ ಪ್ರತಿ ಅಕೌಂಟೂ ಕನ್ನಡದೊಂದಿಗೇ ಹುಟ್ಟುತ್ತದೆ. ಅದೇ ಪುಟದಲ್ಲಿ ವೆಲ್ಕಮ್ ಸ್ಕ್ರೀನ್ ಎಂಬ ಇನ್ನೊಂದು ಗುರುತಿದೆ. ಅದು ಪಾಸ್‌ವರ್ಡ್ ಕೇಳುವ ಪರದೆಗೆ ಸೇರಿದ್ದು, ಕಾನ್ಫಿಗ್ ಫೋಲ್ಡರಿನ ಡಿಫಾಲ್ಟ್ ಹೈವ್‌ನಲ್ಲಿ ಇರುತ್ತದೆ. ಹೆಸರು ಒಂದೇ ಆದ್ದರಿಂದ ಅನುಭವಿಗಳೂ ಇವೆರಡನ್ನು ಕಲಸಿಬಿಡುತ್ತಾರೆ. ಪಾಸ್‌ವರ್ಡ್ ಪರದೆಯಲ್ಲಿ ಕನ್ನಡವೇ ಮೊದಲ ಕೀಬೋರ್ಡಾಗಿ ಕುಳಿತರೆ, ಇಂಗ್ಲಿಷ್ ಪಾಸ್‌ವರ್ಡ್ ಸರಿಯಾಗಿಯೇ ಒತ್ತಿದರೂ “ತಪ್ಪು” ಎನ್ನುತ್ತದೆ. ಆ ಗುರುತನ್ನು ಯೋಚಿಸಿ ಹಾಕಿ.

ಕರೆಂಟು ಹೋಗುವ ನಮ್ಮ ಕಡೆ ಇನ್ನೊಂದು ಭಯ ಸಹಜ: ಬರೆಯುತ್ತಿರುವಾಗಲೇ ಯಂತ್ರ ಆರಿಹೋದರೆ? ರಿಜಿಸ್ಟ್ರಿಯ ಬದಲಾವಣೆ ಮೊದಲು ಮೆಮೊರಿಯಲ್ಲಿ ಆಗುತ್ತದೆ, ಡಿಸ್ಕಿಗೆ ಇಳಿಯುವುದು ಸ್ವಲ್ಪ ಹೊತ್ತಿನ ಮೇಲೆ. ಇಳಿಯುವಾಗ ಪ್ರತಿ ಹೈವಿನ ಪಕ್ಕದಲ್ಲಿರುವ ಲಾಗ್ ಫೈಲಿಗೆ ಮೊದಲು ಬರೆದು, ನಂತರ ಮೂಲಕ್ಕೆ ಬರೆಯುತ್ತದೆ. ನಡುವೆ ನಿಂತುಹೋದರೆ ಮುಂದಿನ ಸಲ ಲಾಗ್ ನೋಡಿ ಸರಿಪಡಿಸಿಕೊಳ್ಳುತ್ತದೆ. ಬಹುಪಾಲು ಸಲ ಇದು ಕಾಪಾಡುತ್ತದೆ. ಎನ್‌ಟಿಯೂಸರ್ ಫೈಲೇ ತೆರೆಯಲಾಗದಂತಾದರೆ ವಿಂಡೋಸ್ ನಿಮ್ಮನ್ನು ತಾತ್ಕಾಲಿಕ ಪ್ರೊಫೈಲಿಗೆ ಕಳಿಸುತ್ತದೆ: ಡೆಸ್ಕ್‌ಟಾಪ್ ಖಾಲಿ, ಚಿತ್ರವಿಲ್ಲ, ಫೈಲುಗಳಿಲ್ಲ. ಹೆದರಬೇಡಿ, ಫೈಲುಗಳು ಡಿಸ್ಕಿನಲ್ಲೇ ಇರುತ್ತವೆ. ಆದರೆ ಆ ಡೆಸ್ಕ್‌ಟಾಪಿನಲ್ಲಿ ಕೂತು ಕೆಲಸ ಶುರು ಮಾಡಬೇಡಿ. ಲಾಗ್‌ಔಟ್ ಆದ ಕೂಡಲೇ ಅಲ್ಲಿ ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ.

ಹಿಂದೆ ವಿಂಡೋಸ್ ತನ್ನ ಹೈವ್‌ಗಳ ಪ್ರತಿಯೊಂದನ್ನು ಕಾನ್ಫಿಗ್ ಒಳಗಿನ ರೆಜ್‌ಬ್ಯಾಕ್ ಫೋಲ್ಡರಿನಲ್ಲಿ ತಾನಾಗಿಯೇ ಇಡುತ್ತಿತ್ತು. ವಿಂಡೋಸ್ 10ರ 1803ನೇ ಆವೃತ್ತಿಯಿಂದ ಅದು ನಿಂತಿದೆ. ಅದನ್ನೇ ನಂಬಿ ಕೂತವರು ತೆರೆದು ನೋಡಿದಾಗ ಸೊನ್ನೆ ಬೈಟಿನ ಫೈಲುಗಳು ಸಿಗುತ್ತವೆ. ಈಗ ಆಸರೆ ಸಿಸ್ಟಮ್ ರಿಸ್ಟೋರ್. ಅದು ಆನ್ ಆಗಿದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಇನ್ನು “ರಿಜಿಸ್ಟ್ರಿ ಸ್ವಚ್ಛ ಮಾಡಿ ವೇಗ ಹೆಚ್ಚಿಸುತ್ತೇವೆ” ಎಂಬ ಸಾಫ್ಟ್‌ವೇರುಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಾವಿರಾರು ಕೀಗಳ ನಡುವೆ ಬಳಕೆಯಿಲ್ಲದ ಕೆಲವು ಬಿದ್ದಿದ್ದರೆ ಯಂತ್ರ ನಿಧಾನವಾಗುವುದಿಲ್ಲ, ಬೇಕಾದ ಒಂದನ್ನು ಕಿತ್ತರೆ ನಿಂತೇ ಹೋಗಬಹುದು. ಇಂಥ ಸಾಫ್ಟ್‌ವೇರುಗಳ ಬಳಕೆಯನ್ನು ಮೈಕ್ರೋಸಾಫ್ಟ್ ಕೂಡ ಬೆಂಬಲಿಸುವುದಿಲ್ಲ.

ಲಿನಕ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿ ಯಂತ್ರದ ಸೆಟ್ಟಿಂಗ್ಸ್ ಇಟಿಸಿ ಎಂಬ ಫೋಲ್ಡರಿನಲ್ಲಿ ಸಾದಾ ಬರಹದ ಫೈಲುಗಳಾಗಿಯೇ ಉಳಿದಿವೆ. ಯೂಸರಿನವು ಅವರವರ ಹೋಮ್ ಫೋಲ್ಡರಿನಲ್ಲಿ, ಚುಕ್ಕಿಯಿಂದ ಶುರುವಾಗುವ ಹೆಸರಿನವು. ಚುಕ್ಕಿಯಿದ್ದರೆ ಫೈಲು ಕಾಣಿಸದು ಎಂಬುದು ಯೋಚಿಸಿ ಮಾಡಿದ ನಿಯಮವಲ್ಲ. ಲಿನಕ್ಸಿಗೆ ಮಾದರಿಯಾದ ಯೂನಿಕ್ಸಿನ ಮೊದಲ ದಿನಗಳಲ್ಲಿ ಪಟ್ಟಿ ತೋರಿಸುವ ಪ್ರೋಗ್ರಾಮ್ ಒಂದು ಚುಕ್ಕಿ, ಎರಡು ಚುಕ್ಕಿಯ ಎರಡು ವಿಶೇಷ ಹೆಸರುಗಳನ್ನು ಬಿಟ್ಟುಬಿಡಲಿ ಎಂದು ಮೊದಲ ಅಕ್ಷರವನ್ನು ಮಾತ್ರ ನೋಡುವಂತೆ ಬರೆದದ್ದರಿಂದ ಹೀಗಾಯಿತು ಎಂದು ಯೂನಿಕ್ಸ್ ಬಳಗದ ರಾಬ್ ಪೈಕ್ 2012ರಲ್ಲಿ ಹೇಳಿದರು. ಈಗ ಹೆಚ್ಚಿನ ಪ್ರೋಗ್ರಾಮುಗಳು ಚುಕ್ಕಿ ಕಾನ್ಫಿಗ್ ಎಂಬ ಒಂದೇ ಫೋಲ್ಡರಿಗೆ ಬಂದು ಸೇರಿವೆ. ಹೊಸ ಯಂತ್ರಕ್ಕೆ ಹೋಗುವಾಗ ಅದನ್ನು ನಕಲು ಮಾಡಿಕೊಂಡರೆ ನಿಮ್ಮ ಹೆಚ್ಚಿನ ಇಷ್ಟಗಳು ಜೊತೆಯಲ್ಲೇ ಬರುತ್ತವೆ. ಈ ವಿಷಯದಲ್ಲಿ ನನ್ನ ಮತ ಲಿನಕ್ಸಿಗೇ. ಅಲ್ಲಿ ಕನ್ನಡ ಕೀಬೋರ್ಡ್ ಆರಿಸಿದರೆ ಸೆಟ್ಟಿಂಗ್ಸಿನಲ್ಲಿ ದಾಖಲಾಗುವ ಹೆಸರುಗಳಲ್ಲಿ ಒಂದು ಕಗಪ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು! ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವು ಪರಿಷತ್ತಿನ ಹೆಸರಿನಲ್ಲಿ ಜಗತ್ತಿನ ಲಿನಕ್ಸ್ ಯಂತ್ರಗಳಲ್ಲೆಲ್ಲ ಕುಳಿತಿರುವುದನ್ನು ನೋಡಿದರೆ ಸಂತೋಷವಾಗುತ್ತದೆ.

ಮ್ಯಾಕಿನಲ್ಲಿ ಸಾಮಾನ್ಯವಾಗಿ ಪ್ರೋಗ್ರಾಮಿಗೊಂದು ಪಿಲಿಸ್ಟ್ ಫೈಲು, ಹಲವು ಯೂಸರಿನ ಲೈಬ್ರರಿ ಫೋಲ್ಡರಿನ ಪ್ರಿಫರೆನ್ಸಸ್ ಒಳಗೆ. ಅವನ್ನು ಕೈಯಿಂದ ತಿದ್ದಿದರೆ ಬದಲಾವಣೆ ನಿಲ್ಲದೆ ಹೋಗಬಹುದು, ಏಕೆಂದರೆ ಹಿನ್ನೆಲೆಯಲ್ಲಿ ಓಡುವ ಒಂದು ಸೇವೆ ಹಳೆಯದನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಿಸ್ಟಮ್, ಸೆಕ್ಯೂರ್, ಗ್ಲೋಬಲ್ ಎಂಬ ಮೂರು ಪಟ್ಟಿಗಳಿವೆ. ನೀವು ಆರಿಸಿದ ಕನ್ನಡ ಕೀಬೋರ್ಡ್ ಆ್ಯಪ್ ಯಾವುದು ಎಂಬುದು ಸೆಕ್ಯೂರ್ ಪಟ್ಟಿಯಲ್ಲಿದೆ. ಬೇರೆ ಆ್ಯಪುಗಳು ನಿಮಗೆ ತಿಳಿಯದಂತೆ ಅದನ್ನು ಬದಲಾಯಿಸದಿರಲಿ ಎಂಬ ಕಾರಣಕ್ಕೆ.

ಕೊನೆಯದಾಗಿ, ಕನ್ನಡದಲ್ಲಿ ಬರೆಯುವವರು ಹೆಚ್ಚಾಗಿ ಕಳೆದುಕೊಳ್ಳುವುದು ಒಂದಿದೆ, ಅದು ರಿಜಿಸ್ಟ್ರಿಯಲ್ಲೂ ಇಲ್ಲ. ವಿಂಡೋಸಿನಲ್ಲಿ ನಿಮ್ಮ ಯೂಸರ್ ಫೋಲ್ಡರಿನ ಒಳಗೆ ಆ್ಯಪ್‌ಡೇಟಾ ಎಂಬ ಅಡಗಿದ ಫೋಲ್ಡರ್, ಅದರಲ್ಲಿ ರೋಮಿಂಗ್, ಅದರಲ್ಲಿ ಮೈಕ್ರೋಸಾಫ್ಟ್. ಅಲ್ಲಿ ಯೂಪ್ರೂಫ್ ಎಂಬುದರಲ್ಲಿ ನೀವು ವರ್ಡಿಗೆ ಕಲಿಸಿದ ಪದಗಳ ನಿಘಂಟು ಇದೆ. ಟೆಂಪ್ಲೇಟ್ಸ್ ಎಂಬುದರಲ್ಲಿ ನಿಮ್ಮ ಫಾಂಟು, ಅಂಚು, ಸಾಲಿನ ಅಂತರ ಹೊಂದಿಸಿಟ್ಟ ನಾರ್ಮಲ್ ಫೈಲಿದೆ. ಆಫೀಸ್ ಎಂಬುದರಲ್ಲಿ ತಾನಾಗಿ ತಿದ್ದಿಕೊಳ್ಳಲೆಂದು ನೀವು ಕೊಟ್ಟ ಪದಗಳ ಪಟ್ಟಿ. ವರ್ಷಗಟ್ಟಲೆ ಒಂದೊಂದಾಗಿ ಸೇರಿಸಿದ ಊರಿನ ಹೆಸರು, ಮನೆತನದ ಹೆಸರು, ಸರಿಯಾದ ಒತ್ತಕ್ಷರಗಳು. ಫಾರ್ಮ್ಯಾಟ್ ಮಾಡುವ ಹುಡುಗನಿಗೆ ಇವು ಕಾಣುವುದಿಲ್ಲ, ಅವನ ತಪ್ಪೂ ಅಲ್ಲ. ಲ್ಯಾಪ್‌ಟಾಪ್ ಕೈಬಿಡುವ ಮೊದಲು ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಅಡಗಿದವುಗಳನ್ನು ತೋರಿಸುವಂತೆ ಮಾಡಿಕೊಂಡು, ಈ ಮೂರನ್ನೂ ಎನ್‌ಟಿಯೂಸರ್ ಫೈಲನ್ನೂ ಒಂದು ಪೆನ್‌ಡ್ರೈವಿಗೆ ತೆಗೆದಿಡಿಸಿ. ಎನ್‌ಟಿಯೂಸರನ್ನು ನೀವು ಲಾಗಿನ್ ಆಗಿರುವಾಗ ನಕಲು ಮಾಡಲಾಗದು, ಲಾಗ್‌ಔಟ್ ಆಗಿ ಇನ್ನೊಂದು ಅಡ್ಮಿನ್ ಅಕೌಂಟಿನಿಂದ ತೆಗೆಯಬೇಕು. “ಫೈಲುಗಳ ಜೊತೆ ಆ್ಯಪ್‌ಡೇಟಾ ಕೂಡ ಬೇಕು” ಎಂದು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ.